ಗುಡ್ಡಮ್ಮ ಹೇಳಿಕೊಡದ ಗೆಣಸು

ಬಸರೀಕಟ್ಟೆಯಿಂದ ಎರಡು ಮೈಲಿ ಒಳಗೆ, ಜೀಪು ಮಾತ್ರ ಹೋಗುವ ದಾರಿಯಲ್ಲಿ, ಒಂದು ಕಾಫಿ ತೋಟದ ಆಳುಗಳ ಲೈನ್‌ಮನೆಗಳಿದ್ದವು. ಒಂದಕ್ಕೊಂದು ಅಂಟಿಕೊಂಡ ಹನ್ನೆರಡು ಮನೆ. ಈ ಮನೆಯಲ್ಲಿ ಸೀನಿದರೆ ಆ ಮನೆಯವರು ‘ಚಿರಂಜೀವಿ’ ಎನ್ನುವಷ್ಟು ತೆಳ್ಳಗಿನ ಗೋಡೆ. ಕೊನೆಯ ಮನೆ ಗುಡ್ಡಮ್ಮನದು. ನಾನು ಅಲ್ಲಿನ ಅಂಗನವಾಡಿಯ ಟೀಚರು. ಹೆಸರು ಮೂಕಾಂಬಿಕಾ, ಊರು ನಾರ್ವೆ. ಗುಡ್ಡಮ್ಮ ತೀರಿಕೊಂಡು ಈಗ ಮೂರು ವರ್ಷ. ಅವಳ ಬಗ್ಗೆ ಬರೆಯಲು ನನಗಿಂತ ಯೋಗ್ಯರು ಬೇಕಾದಷ್ಟು ಜನ ಇದ್ದಾರೆ. ಆದರೆ ಅವರು ಯಾರೂ ಬರೆಯುವುದಿಲ್ಲ, ಮತ್ತು ಬರೆಯದೆ ಇದ್ದರೆ ನನಗೆ ನೆಮ್ಮದಿ ಇಲ್ಲ.

ನಾನು ಹೇಳುತ್ತಿರುವುದು ಎರಡು ಸಾವಿರದ ಒಂದನೇ ಇಸವಿಯ ಮಾತು. ಆಗ ಅವಳಿಗೆ ಐವತ್ತೈದರ ಆಚೀಚೆ. ಕುಳ್ಳಗಿನ ಹೆಂಗಸು, ಒಣಗಿದ ಕೊರಡಿನಂಥ ಮೈ, ಬಾಯಲ್ಲಿ ಒಂದು ಹಲ್ಲೂ ಅಲ್ಲಾಡಿರಲಿಲ್ಲ. ಗಂಡ ಹೋಗಿ ಇಪ್ಪತ್ತು ವರ್ಷ, ಮಕ್ಕಳಿಲ್ಲ. ಅವಳು ಆಸ್ಪತ್ರೆ ಮೆಟ್ಟಿಲು ಹತ್ತಿದ್ದೆಲ್ಲ ಬೇರೆಯವರ ಹೆರಿಗೆಗೆ ಜೊತೆಯಾಗಿ. ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎನ್ನುವ ಗಾದೆಯ ಮೊದಲರ್ಧಕ್ಕೆ ಅವಳೇ ಸಾಕ್ಷಿ. ಎರಡನೆಯ ಅರ್ಧ ಅವಳ ಹತ್ತಿರ ಸುಳಿದದ್ದೂ ಇಲ್ಲ. ಬಾಯಿ ತೆಗೆದರೆ ಎದುರಿಗಿದ್ದವರ ಮೂರು ತಲೆಮಾರು ಜಾಲಾಡುತ್ತಿದ್ದಳು.

ಆ ವರ್ಷ ಕಾಫಿಗೆ ಬೆಲೆಯೇ ಇರಲಿಲ್ಲ. ಹಣ್ಣು ಕುಯ್ಯುವ ಕೂಲಿಯೂ ಹುಟ್ಟುವುದಿಲ್ಲ ಎಂದು ಧಣಿಗಳು ಅರ್ಧ ತೋಟವನ್ನು ಹಾಗೇ ಬಿಟ್ಟರು. ಕೆಂಪಗೆ ಹಣ್ಣಾದ ಕಾಫಿ ಗಿಡದಲ್ಲೇ ಒಣಗಿ ಕಪ್ಪಾಗಿ ಉದುರುತ್ತಿತ್ತು. ಕೆಲಸ ಮೊದಲು ವಾರಕ್ಕೆ ನಾಲ್ಕು ದಿನವಾಯಿತು, ದೀಪಾವಳಿ ಹೊತ್ತಿಗೆ ಒಂದು ದಿನಕ್ಕೆ ಬಂತು, ಆಮೇಲೆ ಅದೂ ನಿಂತಿತು. ಹನ್ನೆರಡು ಮನೆಯಲ್ಲಿ ನಾಲ್ಕು ಖಾಲಿಯಾದವು. ಉಳಿದವರು ಹೋಗಲು ಜಾಗವಿಲ್ಲದೆ ಉಳಿದವರು.

ಅಂಗನವಾಡಿಯ ಗೋಡೆಯಲ್ಲಿ ‘ಸಮತೋಲನ ಆಹಾರ’ ಎಂಬ ಚಿತ್ರಪಟವಿತ್ತು. ಅದರಲ್ಲಿ ಸೇಬು, ಮೊಟ್ಟೆ, ಹಾಲು, ಒಂದು ದೊಡ್ಡ ಮೀನು. ಲೈನಿನ ಮಕ್ಕಳು ಸೇಬು ಕಂಡದ್ದು ಆ ಪಟದಲ್ಲಿ ಮಾತ್ರ. ನಾನು ಕೋಲು ಹಿಡಿದು ಅದನ್ನು ತೋರಿಸಿ ತಾಯಂದಿರಿಗೆ ಪಾಠ ಮಾಡುತ್ತಿದ್ದೆ. ನೆನೆಸಿಕೊಂಡರೆ ನನಗೇ ಕಪಾಳಕ್ಕೆ ಹೊಡೆದುಕೊಳ್ಳುವ ಹಾಗಾಗುತ್ತದೆ. ಅಂಗನವಾಡಿಗೆ ಬರುವ ಸರ್ಕಾರದ ಹಿಟ್ಟನ್ನು ಮಗುವಿಗೆ ದಿನಕ್ಕೊಂದು ಹಿಡಿಯಂತೆ ಕೊಡುತ್ತಿದ್ದೆ, ಅದು ಎಲ್ಲಿಗೆ ಸಾಲುತ್ತದೆ? ಮಕ್ಕಳ ತೂಕ ತಿಂಗಳಿಂದ ತಿಂಗಳಿಗೆ ಇಳಿಯುತ್ತಿತ್ತು. ಎಲ್ಲರಿಗಿಂತ ಕೆಳಗಿದ್ದವಳು ಸಿರಿ, ಎರಡು ವರ್ಷದ ಕೂಸು. ತಾಯಿ ರಮ್ಯ ಕಡೂರು ಕಡೆಯಿಂದ ಮದುವೆಯಾಗಿ ಬಂದವಳು, ಕಾಡು ಮೇಡು ಗೊತ್ತಿಲ್ಲ. ಗಂಡ ಕೆಲಸ ಹುಡುಕಿಕೊಂಡು ಘಟ್ಟದ ಕೆಳಗೆ ಹೋದವನ ಸುದ್ದಿಯಿಲ್ಲ. ಸಿರಿಯನ್ನು ತೂಕಕ್ಕೆ ಹಾಕಿದರೆ ಅಳುತ್ತಲೂ ಇರಲಿಲ್ಲ, ಅಳುವುದಕ್ಕೂ ಮೈಯಲ್ಲಿ ಕಸುವು ಬೇಕಲ್ಲ. ಈ ಕೂಸು ಬೇಸಿಗೆ ಕಾಣುವುದಿಲ್ಲ ಎಂದು ನನಗೆ ಅನ್ನಿಸಿತ್ತು, ಯಾರಿಗೂ ಹೇಳಿರಲಿಲ್ಲ.

ಗುಡ್ಡಮ್ಮ ಮಾತ್ರ ಒಂದು ಸುತ್ತೂ ಇಳಿದಿರಲಿಲ್ಲ. ಅವಳ ಒಲೆ ಎರಡು ಹೊತ್ತೂ ಉರಿಯುತ್ತಿತ್ತು. ಅದಕ್ಕೆ ಲೈನಿನವರು ಕೊಟ್ಟ ಕಾರಣ ಬೇರೆ. ಪ್ರತಿದಿನ ಮುಸ್ಸಂಜೆ ಅವಳು ಹೊಸಿಲ ಹೊರಗೆ ಒಂದು ಬಾಳೆಲೆಯ ತುಂಡು ಹಾಕಿ, ತಾನು ತಿನ್ನುವುದರಲ್ಲಿ ಅರ್ಧ ಬಡಿಸಿ, ಒಳಗೆ ಕೂತು ಉಣ್ಣುತ್ತ ಹೊರಗಿನ ಎಲೆಯ ಜೊತೆ ಮಾತಾಡುತ್ತಿದ್ದಳು. ಸತ್ತವರಿಗೆ ವರ್ಷಕ್ಕೊಮ್ಮೆ ಎಡೆ ಇಡುವುದು ಎಲ್ಲರ ಮನೆಯಲ್ಲೂ ಇದೆ. ದಿನಾ ಇಡುವುದನ್ನು ಯಾರೂ ಕಂಡಿರಲಿಲ್ಲ. ಅವಳಿಗೆ ಕಮಲಕ್ಕ ಎಂಬ ಗೆಳತಿ ಇದ್ದಳಂತೆ, ಹರೆಯದಲ್ಲೇ ಸತ್ತಳಂತೆ, ಆ ಪ್ರೇತವೇ ಕಾಡಿನಿಂದ ಆಹಾರ ತಂದುಕೊಡುತ್ತದಂತೆ. ನಾನು ಪ್ರೇತ ಗೀತ ನಂಬುವವಳಲ್ಲ. ಎಲೆಯಲ್ಲಿ ಬಡಿಸಿದ್ದನ್ನು ಬೆಕ್ಕು ತಿನ್ನುವುದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಒಮ್ಮೆ ಆ ಹೊತ್ತಿಗೆ ಅವಳ ಮನೆಯ ಮುಂದೆ ಹಾದುಹೋದೆ. ಅವಳು ಒಂದು ಮಾತು ಆಡುವುದು, ನಿಲ್ಲಿಸುವುದು, ಕೇಳಿಸಿಕೊಂಡವಳಂತೆ ‘ಹೂಂ’ ಎನ್ನುವುದು, ಮತ್ತೆ ಆಡುವುದು. ಆ ನಡುವಿನ ಮೌನ ಇದೆಯಲ್ಲ, ಅದು ಖಾಲಿ ಇರಲಿಲ್ಲ. ನಾನು ಬಿರಬಿರನೆ ನಡೆದುಬಿಟ್ಟೆ.

ಮಾರನೆಯ ದಿನ ಹಗಲಿನಲ್ಲಿ ಧೈರ್ಯ ಮಾಡಿ ಅವಳ ಮನೆಗೆ ಹೋಗಿ ನೇರ ಕೇಳಿದೆ. “ಗುಡ್ಡಮ್ಮ, ನೀವು ತಿನ್ನೋದನ್ನ ಈ ಹೆಂಗಸರಿಗೂ ಸ್ವಲ್ಪ ಹೇಳ್ಕೊಡಿ. ಮಕ್ಕಳು ಸಾಯ್ತಾವೆ.”

“ಹೇಳ್ಕೊಡಕ್ಕೆ ಎಂತ ಇದೆ ಮಾರಾಯ್ತಿ? ಕಣ್ಣು ಬಿಟ್ಟು ನೋಡಿದ್ರೆ ಕಾಲಡಿಗೇ ಇದೆ. ನಿಮ್ಮ ಆ ಪಟದಲ್ಲಿ ಮಾತ್ರ ಇಲ್ಲ” ಎಂದಳು.

ಬೈದರೂ ಬಂದಳು. ಹೆಂಗಸರನ್ನು ಕಟ್ಟಿಕೊಂಡು ತೋಟದ ಅಂಚು, ಗದ್ದೆಯ ಬದು, ಹಳ್ಳದ ದಂಡೆ ಸುತ್ತಿಸಿದಳು. ಒಂದೆಲಗ ಕಿತ್ತು ತಂಬುಳಿ ಮಾಡುವುದು, ಕೆಸವಿನ ಸೊಪ್ಪಿಗೆ ಹುಳಿ ಸಾಲದಿದ್ದರೆ ಗಂಟಲು ಕೆರೆಯುವುದು, ಮಣ್ಣು ಮೆತ್ತಿಟ್ಟ ಹಲಸಿನ ಬೀಜ ವರ್ಷ ಉಳಿಯುವುದು. ನೆಗಡಿಯಾದ ಮಕ್ಕಳಿಗೆ ಹಳ್ಳದ ಏಡಿ ಜಜ್ಜಿ ಮೆಣಸು ಹಾಕಿ ಸಾರು. ಕಾಯಿಸದ ನೀರು ಕುಡಿದವರನ್ನು ಕಂಡರೆ ಅಟ್ಟಿಸಿಕೊಂಡು ಹೋಗುತ್ತಿದ್ದಳು. “ಕಟ್ಟಿಗೆ ಕಾಡಲ್ಲಿ ಬಿದ್ದಿದೆ, ನೀರು ಹಳ್ಳದಲ್ಲಿದೆ, ಕಾಯ್ಸಕ್ಕೆ ಎಂತ ರೋಗ ನಿಂಗೆ? ಭೇದಿ ಬಂದ್ರೆ ಜೀಪಿನ ಬಾಡಿಗೆಗೆ ಮೂಗುತಿ ಮಾರ್ತೀಯ” ಎಂದು ಬೈಯುತ್ತಿದ್ದಳು. ಹೀಗೆ ಒಂದು ತಿಂಗಳು. ಮಕ್ಕಳ ತೂಕ ಇಳಿಯುವುದು ನಿಂತಿತು. ಸಿರಿಯದು ಮಾತ್ರ ಏರಲಿಲ್ಲ. ಸೊಪ್ಪು ಸಾರಿನಿಂದ ಆ ಮೈ ತುಂಬುವುದಿಲ್ಲ, ಹೊಟ್ಟೆ ತುಂಬುವ ಗಟ್ಟಿ ಆಹಾರ ಬೇಕು, ಅಕ್ಕಿ ಇಲ್ಲ.

ಗುಡ್ಡಮ್ಮನ ಹತ್ತಿರ ಗಟ್ಟಿ ಆಹಾರ ಇತ್ತು. ಅದು ನನಗೆ ಗೊತ್ತಾದದ್ದು ಆಕಸ್ಮಿಕ. ಒಂದು ಬೆಳಿಗ್ಗೆ ಬರುವಾಗ ಕಾಡಿನ ಅಂಚಿನಲ್ಲಿ ಅವಳು ಗೆಣಸು ಅಗೆಯುವುದು ಕಂಡಿತು. ಮುಳ್ಳಿನ ಬಳ್ಳಿ, ಒಂದೊಂದು ತೊಟ್ಟಿಗೆ ಮೂರು ಮೂರು ಎಲೆ. ಒಂದೊಂದು ಗೆಡ್ಡೆ ಕೂಸಿನ ತಲೆಯಷ್ಟಿತ್ತು. ಎಂಟು ದಿನ ಕಳೆದು ನೋಡಿದರೆ ಅವಳ ಮನೆಯ ಹಿಂದಿನ ಬಂಡೆಯ ಮೇಲೆ ಬೆಳ್ಳಗಿನ ಹೋಳುಗಳು ಒಣಗುತ್ತಿದ್ದವು. ಕೇಳಿದೆ.

ಅವಳ ಮುಖ ಬದಲಾಯಿತು. “ಅದೊಂದು ಕೇಳ್ಬೇಡಿ” ಎಂದಳು.

“ಎಂತಕ್ಕೆ?”

“ಬೇಡ ಅಂದ್ರೆ ಬೇಡ. ಅದರ ಹೆಸರು ಎತ್ಬೇಡಿ.”

ಅಷ್ಟು ಸೊಪ್ಪು ಸದೆ ಹೇಳಿಕೊಟ್ಟವಳು ಹೊಟ್ಟೆ ತುಂಬುವುದನ್ನು ಮಾತ್ರ ಮುಚ್ಚಿಟ್ಟುಕೊಂಡಳು ಎಂದು ನನಗೆ ಸಿಟ್ಟು ಬಂತು. ಕಾಡಿನ ಗೆಡ್ಡೆಯ ಜಾಗವನ್ನು ಹೆತ್ತ ಮಗಳಿಗೂ ಹೇಳಬಾರದು, ಹೇಳಿದರೆ ಮರುವರ್ಷ ಬಳ್ಳಿ ಹುಟ್ಟುವುದಿಲ್ಲ ಎನ್ನುವುದು ನಮ್ಮ ಕಡೆ ಹಳೆಯ ನಂಬಿಕೆ. ಇದೂ ಅದೇ, ಜಿಪುಣತನಕ್ಕೆ ಮಡಿಬಟ್ಟೆ ಉಡಿಸಿದ್ದು, ಅಂದುಕೊಂಡೆ. ಎಸ್ಸೆಸ್ಸೆಲ್ಸಿ ಪಾಸಾದವಳು ನಾನು, ಅಗೆಯುವುದು ಕಂಡಿದ್ದೇನೆ, ಹೋಳು ಮಾಡಿದ್ದು ಕಂಡಿದ್ದೇನೆ, ಇನ್ನೇನು ಉಳಿಯಿತು? ಬೇಯಿಸುವುದು.

ಆ ಮಧ್ಯಾಹ್ನ ಮಕ್ಕಳು ಹೋದ ಮೇಲೆ ರಮ್ಯಳನ್ನು ನಿಲ್ಲಿಸಿಕೊಂಡು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಆ ಬಳ್ಳಿ ಬರೆದು ತೋರಿಸಿದೆ. ಮೂರು ಎಲೆ, ಮುಳ್ಳು, ಕೆಳಗೆ ಗೆಡ್ಡೆ. “ಕಾಡಿನ ಅಂಚಲ್ಲೇ ಇದೆ, ಹೋಳು ಮಾಡಿ ಚೆನ್ನಾಗಿ ಬೇಯ್ಸಿ ಸಿರಿಗೆ ಕೊಡು. ಗುಡ್ಡಮ್ಮ ತಿನ್ನೋದು ಇದನ್ನೇ. ಅವಳಿಗೆ ಹೇಳ್ಬೇಡ, ರಂಪ ಮಾಡ್ತಾಳೆ” ಎಂದೆ. ರಮ್ಯ ಹಲಗೆಯನ್ನೇ ನೋಡುತ್ತಿದ್ದಳು. ಅವಳ ಕಣ್ಣಲ್ಲಿ ನೀರಿತ್ತು. ಆಮೇಲೆ ನಾನೇ ಹಲಗೆ ಒರೆಸಿದೆ.

ಮಾರನೆಯ ದಿನ ಹತ್ತು ಗಂಟೆಯ ಸುಮಾರಿಗೆ ಲೈನಿನ ಕಡೆಯಿಂದ ಕೂಗು ಕೇಳಿಸಿತು. ಓಡಿದೆ. ರಮ್ಯಳ ಮನೆಯ ಮುಂದೆ ಮಡಕೆ ಒಡೆದು ಬಿದ್ದಿತ್ತು, ಬೆಂದ ಗೆಣಸು ಅಂಗಳದ ತುಂಬ ಚೆಲ್ಲಿತ್ತು. ಗುಡ್ಡಮ್ಮ ಸಿರಿಯನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು ಬಾಯಿಗೆ ಬೆರಳಿಟ್ಟು ಕಕ್ಕಿಸುತ್ತಿದ್ದಳು. ರಮ್ಯ ಗೋಡೆಗೆ ಒರಗಿ ವಾಂತಿ ಮಾಡುತ್ತಿದ್ದಳು, ಕಣ್ಣು ಮೇಲೆ ಸಿಕ್ಕಿಕೊಂಡಿತ್ತು. ಗೆಣಸಿನ ಸಿಪ್ಪೆ ಅಂಗಳದಲ್ಲಿ ಬಿದ್ದದ್ದನ್ನು ಕಂಡು ಗುಡ್ಡಮ್ಮ ಒಳಗೆ ನುಗ್ಗಿದ್ದಳು. ಅಷ್ಟರಲ್ಲಿ ತಾಯಿ ಮಗಳು ಎರಡೆರಡು ತುತ್ತು ತಿಂದಾಗಿತ್ತು.

“ಎಷ್ಟು ದಿನ ನೀರಲ್ಲಿಟ್ಟಿದ್ದೆ? ಹೇಳೇ, ಎಷ್ಟು ದಿನ?” ಎಂದು ಅವಳು ರಮ್ಯಳನ್ನು ಕೇಳುತ್ತಲೇ ಇದ್ದಳು. ಆಗ ನನಗೆ ತಿಳಿಯಿತು. ಅಗೆದ ದಿನ ಮತ್ತು ಒಣಗಿಸಿದ ದಿನದ ನಡುವಿನ ಎಂಟು ದಿನವನ್ನು ನಾನು ಕಂಡಿರಲಿಲ್ಲ.

ತೋಟದ ಜೀಪಿನಲ್ಲಿ ತಾಯಿ ಮಗಳನ್ನು ಕೊಪ್ಪದ ಆಸ್ಪತ್ರೆಗೆ ಕಳಿಸಿದರು. ಜೀಪು ಹೋದ ಮೇಲೆ ತೋಟದ ರೈಟರ್ ಗಜಾನನ ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿಕೊಂಡ. ಆಳುಗಳ ಲೆಕ್ಕ ಬರೆಯುವವನು ಅವನು, ಕೆಟ್ಟವನಲ್ಲ, ಆದರೆ ಧಣಿಗೆ ಉತ್ತರ ಹೇಳಬೇಕಲ್ಲ.

“ಈ ವಿಷದ ಗೆಣಸು ತಿನ್ನಕ್ಕೆ ಅವಳಿಗೆ ಹೇಳಿದ್ದು ಯಾರು?” ಎಂದು ಕೇಳಿದ.

ಎಲ್ಲರ ತಲೆಯೂ ಒಂದೇ ಕಡೆ ತಿರುಗಿತು, ಗುಡ್ಡಮ್ಮನ ಕಡೆಗೆ. ದಿನಾ ಪ್ರೇತಕ್ಕೆ ಬಡಿಸುವವಳು, ಕಾಡಿನ ಬೇರು ನಾರು ತಿನ್ನಿಸಿದವಳು, ಮತ್ತಿನ್ನಾರು? “ಕಮಲಕ್ಕನಿಗೆ ಜೊತೆ ಬೇಕಾಯ್ತು ಅಂತ ಕಾಣ್ತದೆ” ಎಂದು ಹಿಂದಿನಿಂದ ಯಾರೋ ಅಂದರು.

ನಾನು ಅಲ್ಲೇ ನಿಂತಿದ್ದೆ. ಬಾಯಿ ತೆರೆದರೆ ನನ್ನ ಕೆಲಸ ಹೋಗುತ್ತದೆ, ಪೊಲೀಸರು ಬರಬಹುದು, ಕೂಸಿಗೆ ಏನಾದರೂ ಆದರೆ ಜೈಲು. ಇವೆಲ್ಲ ಒಂದೇ ಗಳಿಗೆಯಲ್ಲಿ ತಲೆಗೆ ಬಂದವು. ಹೇಡಿಯ ತಲೆ ಚುರುಕಾಗಿ ಓಡುತ್ತದೆ. ‘ಮಾತು ಬೆಳ್ಳಿ, ಮೌನ ಬಂಗಾರ’ ಎಂದು ಶಾಲೆಯ ಗೋಡೆಯ ಮೇಲೆ ಬರೆಸುತ್ತಾರೆ. ಬರೆಸಿದವರನ್ನು ಆ ಅಂಗಳಕ್ಕೆ ಕರೆದುಕೊಂಡು ಬರಬೇಕಾಗಿತ್ತು.

ಗುಡ್ಡಮ್ಮ ಒಮ್ಮೆ ನನ್ನ ಮುಖ ನೋಡಿದಳು. ಮೂರು ಕ್ಷಣ ನೋಡಿರಬಹುದು. ಆಮೇಲೆ ಗಜಾನನನ ಕಡೆ ತಿರುಗಿ, “ನಾನೇ. ನನ್ನಿಂದ್ಲೇ ಆಗಿದ್ದು” ಎಂದಳು.

ಬೈದರು. ಒಬ್ಬಳು ಉಗಿದಳು. ಸದಾ ಬಾಯಿ ಮಾಡುವ ಹೆಂಗಸು ಅಂದು ಒಂದು ಮಾತೂ ತಿರುಗಿ ಆಡಲಿಲ್ಲ.

ಸಂಜೆ ನಾನು ಅವಳ ಮನೆಗೆ ಹೋದೆ. ಎಲೆ ಹಾಕಿರಲಿಲ್ಲ, ಒಲೆಯೂ ಉರಿದಿರಲಿಲ್ಲ. ಅವಳು ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ನಾನು ಬಾಗಿಲಲ್ಲೇ ಕೂತು ಅತ್ತೆ. “ಗುಡ್ಡಮ್ಮ, ಅದು ನಾನು. ನಾನೇ ಹೇಳಿದ್ದು.”

“ಗೊತ್ತಾಯ್ತು. ನಿನ್ನ ಮುಖದಲ್ಲಿ ನನ್ನ ಮುಖ ಕಾಣ್ತು” ಎಂದಳು. ಅಲ್ಲಿಯವರೆಗೆ ನೀವು ಎನ್ನುತ್ತಿದ್ದವಳು ಅಂದಿನಿಂದ ನೀನು ಎಂದಳು.

ಆಮೇಲೆ ಅವಳೇ ಹೇಳಿದಳು. ರೇಷನ್ನಿನಲ್ಲಿ ಅಕ್ಕಿಗೆ ಬದಲು ಕೆಂಪು ಜೋಳ ಕೊಡುತ್ತಿದ್ದ ಕಾಲ. ಗುಡ್ಡಮ್ಮ ಹೊಸ ಮದುವಣಗಿತ್ತಿ. ಅತ್ತೆ ಅವಳಿಗೆ ಆ ಗೆಣಸಿನ ಗುಟ್ಟು ಹೇಳಿಕೊಟ್ಟಿದ್ದಳು. ತೆಳ್ಳಗೆ ಹೋಳು ಮಾಡಿ, ಬೂದಿ ತಿಕ್ಕಿ, ಬುಟ್ಟಿಯಲ್ಲಿ ತುಂಬಿ, ಹರಿಯುವ ನೀರಲ್ಲಿ ಏಳು ದಿನ ಕಲ್ಲು ಹೇರಿ ಇಡಬೇಕು. ದಿನಾ ಮಗುಚಬೇಕು. ಆಮೇಲೂ ಒಬ್ಬರು ಚೂರೇ ಚೂರು ತಿಂದು ಒಂದು ದಿನ ಕಾಯಬೇಕು. ಬುಟ್ಟಿಯನ್ನು ಯಾರ ಕಣ್ಣಿಗೂ ಬೀಳದ ಹಾಗೆ ಪೊದೆಯ ಕೆಳಗೆ ಇಡಬೇಕು, ಬಿದ್ದರೆ ಕಹಿ ಬಿಡುವುದಿಲ್ಲ ಎಂದು ಅತ್ತೆಯ ಕಟ್ಟಪ್ಪಣೆ.

“ಕಹಿ ಬಿಡಲ್ಲ ಅನ್ನೋದೆಲ್ಲ ಸುಳ್ಳು ಮಾರಾಯ್ತಿ. ಕದ್ದುಕೊಂಡು ಹೋಗ್ತಾರೆ ಅಂತ ಹೆದರಿಕೆ. ಹೊಟ್ಟೆಗಿಲ್ಲದ ಕಾಲ” ಎಂದಳು.

ಪಕ್ಕದ ಮನೆಯ ಕಮಲಕ್ಕ ಗುಡ್ಡಮ್ಮನಿಗಿಂತ ಎರಡು ವರ್ಷಕ್ಕೆ ದೊಡ್ಡವಳು, ಬಸುರಿ. ಅವಳೂ ಕದ್ದು ನೋಡಿದ್ದಳು, ನನ್ನ ಹಾಗೆ ಅರ್ಧ. ಒಂದು ದಿನ ಮಡಿಲಲ್ಲಿ ಗೆಣಸು ತುಂಬಿಕೊಂಡು ಕಾಡಿನಿಂದ ಬರುವಾಗ ದಾರಿಯಲ್ಲಿ ಗುಡ್ಡಮ್ಮ ಎದುರಾದಳು.

“ಮಡಿಲು ಕಂಡೆ. ಮೂರೆಲೆ ಒಂದು ಹೊರಗೆ ಇಣುಕ್ತಿತ್ತು. ಅವಳು ನಾಚಿಕೊಂಡ್ಳು. ‘ಇದನ್ನ ಹೆಂಗೆ ಮಾಡೋದೆ?’ ಅಂತ ಕೇಳಿದ್ಲು. ಕೇಳಿದ್ಲು, ಗೊತ್ತಾಯ್ತಾ? ಬಾಯಿ ಬಿಟ್ಟು ಕೇಳಿದ್ಲು. ಇವಳಿಗೆ ಹೇಳಿದ್ರೆ ನಾಳೆ ಇಡೀ ಲೈನಿಗೆ ಗೊತ್ತಾಗ್ತದೆ, ನಮಗೆ ಉಳಿಯಲ್ಲ ಅನ್ನಿಸ್ತು. ‘ಉಪ್ಪು ಹಾಕಿ ಬೇಯ್ಸು’ ಅಂದೆ.”

ಹೊರಗೆ ಕತ್ತಲಾಗುತ್ತಿತ್ತು. ಅವಳು ಬಾಗಿಲ ಕಡೆ, ನನ್ನನ್ನು ದಾಟಿ, ನನ್ನ ಹಿಂದೆ ನಿಂತವರನ್ನು ನೋಡುವ ಹಾಗೆ ನೋಡುತ್ತಿದ್ದಳು. ನಾನು ತಿರುಗಿ ನೋಡಲಿಲ್ಲ. ಪ್ರೇತ ನಂಬದವಳು ನಾನು, ಆದರೂ ತಿರುಗಲಿಲ್ಲ.

“ನೀನು ಒಳ್ಳೇದಾಗ್ಲಿ ಅಂತ ಹೇಳಿ ಕೆಡಿಸ್ದೆ. ನಾನು ಹಾಳಾಗ್ಲಿ ಅಂತಲ್ಲ, ನಂಗೆ ಉಳೀಲಿ ಅಂತ ಹೇಳದೇ ಕೆಡಿಸ್ದೆ. ಇವತ್ತು ಬೈಸಿಕೊಂಡೆ. ಮೂವತ್ತೈದು ವರ್ಷ ತಡವಾಗಿ. ಅಂದು ಯಾರೂ ನನ್ನ ಕೇಳಿರ್ಲಿಲ್ಲ” ಎಂದಳು.

ನಾಳೆ ಎಲ್ಲರಿಗೂ ಹೇಳಿಬಿಡುತ್ತೇನೆ ಎಂದೆ. ಅವಳು ಬೇಡ ಎನ್ನಲಿಲ್ಲ, ಹೇಳು ಎನ್ನಲೂ ಇಲ್ಲ.

ನಾನು ಹೇಳಲಿಲ್ಲ. ನಾಳೆ, ಸಿರಿಗೆ ವಾಸಿಯಾದ ಮೇಲೆ, ಇಲಾಖೆಯ ಮೇಲಿನವರ ತಪಾಸಣೆ ಮುಗಿದ ಮೇಲೆ ಎಂದು ದಿನ ತಳ್ಳಿದೆ. ತಾಯಿ ಮಗಳು ಬದುಕಿಕೊಂಡರು, ಐದನೇ ದಿನ ಹಿಂದಕ್ಕೆ ಬಂದರು. ಗುಡ್ಡಮ್ಮ ಆ ವಾರವೇ ಮನೆ ಮನೆಯ ಬಾಗಿಲಿಗೆ ಹೋಗಿ ಕರೆದಳು. ಹಳ್ಳಕ್ಕೆ ಬನ್ನಿ, ಆ ಗೆಣಸಿನ ವಿಷ ತೆಗೆಯುವುದು ಹೇಗೆಂದು ಪೂರ್ತಿ ತೋರಿಸುತ್ತೇನೆ, ತಿನ್ನದಿದ್ದರೂ ಸರಿ, ತಿಳಿದುಕೊಳ್ಳಿ ಎಂದಳು. ಬಾಗಿಲು ಹಾಕಿಕೊಂಡರು. ಮುಂದೆ ಐದು ವರ್ಷ, ಅವಳು ಸಾಯುವವರೆಗೂ, ಲೈನಿನವರು ಅವಳ ಕೈಯಿಂದ ಒಂದು ಲೋಟ ನೀರು ಮುಟ್ಟಲಿಲ್ಲ. ಅವಳು ಕಲಿಸಿದ ಸೊಪ್ಪು, ಏಡಿ, ಹಲಸಿನ ಬೀಜ ತಿಂದೇ ಆ ವರ್ಷ ದಾಟಿದರು. ಮಕ್ಕಳು ಒಂದೂ ಸಾಯಲಿಲ್ಲ. ಅವಳು ದಿನಾ ಎಲೆ ಹಾಕುವುದನ್ನೂ ಬಿಡಲಿಲ್ಲ.

ಹಳ್ಳಕ್ಕೆ ಬಂದದ್ದು ಇಬ್ಬರೇ, ನಾನು ಮತ್ತು ರಮ್ಯ. ರಮ್ಯಳ ಕಂಕುಳಲ್ಲಿ ಸಿರಿ. ಗುಡ್ಡಮ್ಮ ಮೊಣಕಾಲುದ್ದ ನೀರಲ್ಲಿ ನಿಂತು ಬುಟ್ಟಿಯನ್ನು ಬಯಲಲ್ಲೇ, ಎಲ್ಲರ ಕಣ್ಣಿಗೆ ಬೀಳುವ ಜಾಗದಲ್ಲಿ ಇಟ್ಟಳು. ಏಳು ದಿನ ನಾವು ಮೂವರೂ ದಿನಾ ಬಂದು ಹೋಳು ಮಗುಚಿದೆವು. ಎಂಟನೇ ದಿನ ಅವಳು ಮೊದಲು ತಿಂದಳು. ಒಂಬತ್ತನೇ ದಿನ ಸಿರಿ ತಿಂದಳು, ಇನ್ನೂ ಬೇಕು ಎಂದು ಕೈಚಾಚಿದಳು.

ಅವತ್ತು ಹಿಂದಕ್ಕೆ ಬರುವ ದಾರಿಯಲ್ಲಿ ರಮ್ಯ ಮತ್ತು ನಾನು ಇಬ್ಬರೇ. ನನಗೆ ಒಂದು ವಿಷಯ ಅರ್ಥವಾಗಿರಲಿಲ್ಲ. ಹಲಗೆಯ ಮೇಲೆ ಬಳ್ಳಿ ಬರೆದವಳು ಯಾರೆಂದು ರಮ್ಯಳಿಗೆ ಗೊತ್ತು. ಆಸ್ಪತ್ರೆಯಲ್ಲಿ ಕೇಳಿದ್ದಾರೆ, ರೈಟರ್ ಕೇಳಿದ್ದಾನೆ, ನಮ್ಮ ಮೇಲಿನವರು ಬಂದು ಕೇಳಿದ್ದಾರೆ. ಅವಳು ಎಲ್ಲರಿಗೂ ‘ನೆನಪಿಲ್ಲ’ ಎಂದಿದ್ದಳು. ನನ್ನ ಮೇಲಿನ ವಿಶ್ವಾಸದಿಂದ ಹಾಗೆ ಮಾಡಿದಳು ಎಂದುಕೊಂಡು, ಕೈ ಹಿಡಿದುಕೊಂಡು, “ರಮ್ಯ, ನನ್ನ ಹೆಸರು ಎಂತಕ್ಕೆ ಹೇಳಲಿಲ್ಲ ನೀನು?” ಎಂದು ಕೇಳಿದೆ.

ಅವಳು ಕೈ ಬಿಡಿಸಿಕೊಂಡಳು. ಸಿರಿಯನ್ನು ಇನ್ನೊಂದು ಕಂಕುಳಿಗೆ ಹಾಕಿಕೊಂಡಳು.

“ಹೇಳ್ಬೇಕು ಅಂತಾನೇ ಇತ್ತು ಟೀಚರ್” ಎಂದಳು. “ಆದ್ರೆ ನಿಮ್ ಕೆಲ್ಸ ಹೋದ್ರೆ, ಹೊಸಬ್ರು ಬರೋತನಕ ಅಂಗನವಾಡಿ ಮುಚ್ತಾರೆ. ಅಲ್ಲೀತನಕ ಇವ್ಳಿಗೆ ಹಿಟ್ಟು ಕೊಡೋರು ಯಾರು?”